ಮಳೆಗಾಲ ದಾಟುವ ಪಾಲಿಶ್

ಐದು ವರ್ಷಗಳ ಹಿಂದಿನ ಆಷಾಢದಲ್ಲಿ ಶಿರಸಿ ಸಮೀಪದ ನಮ್ಮ ಮನೆಗೆ ಹೋಗಿದ್ದಾಗ, ದೇವರ ಮುಂದೆ ಕುಳಿತಿದ್ದ ಆಯಿ (ನನ್ನ ತಾಯಿ) ನಾನೇ ಲೇತಿನಲ್ಲಿ ಮರ ತಿರುಗಿಸಿ ಕಡೆದು ಕೊಟ್ಟಿದ್ದ ಕುಂಕುಮದ ಭರಣಿಯನ್ನು ನನ್ನ ಕಡೆಗೆ ಚಾಚಿ, "ತಮಾ, ಇದು ಕೈಗೆ ಅಂಟ್ತಲೋ, ಎಂತ ಹಚ್ಚಿದ್ಯೋ ಇದಕ್ಕೆ?" ಎಂದು ಕೇಳಿದಳು. ಹಚ್ಚಿದ್ದು ತೆಂಗಿನೆಣ್ಣೆಯಲ್ಲಿ ಕರಗಿಸಿದ ಜೇನುಮೇಣ. ಫೆಬ್ರವರಿಯಲ್ಲಿ ಕುಮಟಾದ ಮನೆಯ ಹಿಂದಿನ ಚಪ್ಪರದಲ್ಲಿ ಅದನ್ನು ಬಟ್ಟೆಯಿಂದ ಉಜ್ಜಿದಾಗ ಹಲಸಿನ ಮರ ಜೇನಿನ ಬಣ್ಣಕ್ಕೆ ತಿರುಗಿ ಹೊಳೆದಿತ್ತು. ಐದೇ ತಿಂಗಳಲ್ಲಿ ಅದರ ಹೊಟ್ಟೆಯ ಸುತ್ತ ಬೂದುಬಣ್ಣದ ಬೂಸು ಹಿಡಿದು, ಮುಚ್ಚಳದ ಮೇಲೆ ಕುಂಕುಮ ಕೆಸರಿನಂತೆ ಮೆತ್ತಿಕೊಂಡಿತ್ತು, ಮೂಗಿನ ಹತ್ತಿರ ಹಿಡಿದರೆ ಹಳಸಿದ ಎಣ್ಣೆಯ ವಾಸನೆ ಬರುತ್ತಿತ್ತು.

ತಪ್ಪು ಮರದ್ದಲ್ಲ, ನನ್ನದು. ತೆಂಗಿನೆಣ್ಣೆ ಎಷ್ಟು ವರ್ಷ ಇಟ್ಟರೂ ಒಣಗುವ ಎಣ್ಣೆಯಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ, ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪದರವಾಗುತ್ತದೆ. ಎಣ್ಣೆಯೊಂದಕ್ಕೆ ಹಾಗೆ ಹೆಣೆದುಕೊಳ್ಳುವ ಶಕ್ತಿ ಎಷ್ಟಿದೆ ಎಂಬುದನ್ನು ಅದರ ಅಯೋಡಿನ್ ಮೌಲ್ಯ ಹೇಳುತ್ತದೆ. ಅಗಸೆ ಎಣ್ಣೆಗೆ ಅದು 170ಕ್ಕಿಂತ ಹೆಚ್ಚು, ತೆಂಗಿನೆಣ್ಣೆಗೆ 10ರ ಆಸುಪಾಸು. ಅಡುಗೆಮನೆಯಲ್ಲಿ ಕೈಗೆ ಸಿಕ್ಕಿತು, ಊರಿನದೇ ಎಂಬ ಅಭಿಮಾನವೂ ಇತ್ತು ಎಂದು ಅದನ್ನು ಮರಕ್ಕೆ ಹಚ್ಚಿದರೆ, ಒಣಗದ ಆ ಜಿಡ್ಡಿಗೆ ಧೂಳು ಅಂಟುತ್ತದೆ, ಧೂಳಿನ ಮೇಲೆ ಬೂಸು ಬೆಳೆಯುತ್ತದೆ.

ಆ ಭರಣಿಯನ್ನು ವಾಪಸು ತಂದ ಮೇಲೆ ಸಣ್ಣ ಕಡೆತದ ಸಾಮಾನುಗಳಿಗೆ ನಮ್ಮ ಕಡೆಯ ಮಳೆಗಾಲವನ್ನು ತಡೆದುಕೊಳ್ಳುವ ಪಾಲಿಶ್ ಯಾವುದು ಎಂದು ಸರಿಯಾಗಿ ನೋಡಿಬಿಡೋಣ ಎಂದು ನಿಶ್ಚಯಿಸಿದೆ. ಇಂಥ ವಿಷಯದಲ್ಲಿ ಓದಲು ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಒಣ ಹವೆಯ ಊರುಗಳಲ್ಲಿ ಕುಳಿತವರದು. ಮರ ತನ್ನ ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಂತೆ ನೀರನ್ನು ಹೀರುತ್ತದೆ, ಬಿಡುತ್ತದೆ. ಗಾಳಿಯ ಆರ್ದ್ರತೆ ಶೇಕಡಾ 65 ಇದ್ದರೆ ಮರದೊಳಗಿನ ತೇವ ಸುಮಾರು ಶೇಕಡಾ 12ಕ್ಕೆ ನಿಲ್ಲುತ್ತದೆ, ಆರ್ದ್ರತೆ 90ಕ್ಕೆ ಏರಿ ಅಲ್ಲೇ ನಿಂತರೆ ಮರದ ತೇವವೂ 20ರ ಹತ್ತಿರ ಬರುತ್ತದೆ. ಜುಲೈ ತಿಂಗಳ ಕುಮಟಾದಲ್ಲಿ ಒಗೆದ ಪಂಚೆ ಮೂರು ದಿನವಾದರೂ ಒಣಗದಿರುವಾಗ ಮರದ ಪಾಡೇನೆಂದು ಬೇರೆ ಹೇಳಬೇಕಾಗಿಲ್ಲ. ಅದರ ಮೇಲೆ, ಮರ ವರ್ತುಲಗಳ ಉದ್ದಕ್ಕೆ ಎಷ್ಟು ಹಿಗ್ಗುತ್ತದೆಯೋ ತಿರುಳಿನಿಂದ ತೊಗಟೆಯ ದಿಕ್ಕಿಗೆ ಸುಮಾರಾಗಿ ಅದರ ಅರ್ಧದಷ್ಟೇ ಹಿಗ್ಗುವುದರಿಂದ, ಫೆಬ್ರವರಿಯಲ್ಲಿ ಗುಂಡಗೆ ಕಡೆದ ಭರಣಿ ಜುಲೈನಲ್ಲಿ ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ. ಯಾವ ಪಾಲಿಶ್ ಕೂಡ ಇದನ್ನು ಪೂರ್ತಿಯಾಗಿ ನಿಲ್ಲಿಸಲಾರದು, ಕೆಲವು ನಿಧಾನಗೊಳಿಸುತ್ತವೆ. ಆದ್ದರಿಂದ ನಾನು ಹುಡುಕಬೇಕಾದದ್ದು ಅಲುಗಾಡದ ಮರವನ್ನಲ್ಲ, ಅಲುಗಾಡುವ ಮರದ ಜೊತೆ ಹೊಂದಿಕೊಂಡು ಹೋಗುವ ಲೇಪವನ್ನು.

ಒಂದೇ ಹಲಸಿನ ಕೊಂಬೆಯಿಂದ ಎಂಟು ಬುಗುರಿಗಳನ್ನು ಕಡೆದು, ಒಂದೊಂದಕ್ಕೆ ಒಂದೊಂದು ಲೇಪ ಕೊಟ್ಟು, ತಲೆಯಲ್ಲಿ ತೂತು ಕೊರೆದು ದಾರ ಪೋಣಿಸಿ, ಜೂನ್ ಮೊದಲ ವಾರ ಶಿರಸಿಯ ಮನೆಯ ಬಚ್ಚಲಿನಲ್ಲಿ ತೂಗುಹಾಕಿದೆ. ನಮ್ಮ ಬಚ್ಚಲೊಲೆಗೆ ಈಗಲೂ ಅಡಿಕೆ ಸಿಪ್ಪೆಯೇ ಉರುವಲು. ಹಂಡೆಯ ಹಬೆ, ಸಿಪ್ಪೆಯ ಹೊಗೆ, ಮಾಡಿನಿಂದ ಇಳಿಯುವ ಥಂಡಿ ಮೂರೂ ಸೇರಿದ ಅಂಥ ಕಠಿಣ ಜಾಗ ಮರಕ್ಕೆ ಇನ್ನೊಂದಿಲ್ಲ. ವಾರಕ್ಕೊಮ್ಮೆ ಎಲ್ಲಕ್ಕೂ ಒಂದು ಚೊಂಬು ಬಿಸಿನೀರು ಹೊಯ್ಯಬೇಕೆಂದು ಅಣ್ಣನ ಮಗನಿಗೆ ಹೇಳಿ ಬಂದಿದ್ದೆ, ಅವನು ದಿನಕ್ಕೆರಡು ಸಲ ಹೊಯ್ದನೆಂದು ಆಮೇಲೆ ತಿಳಿಯಿತು. ಪರೀಕ್ಷೆ ಕಠಿಣವಾದದ್ದು ಒಳ್ಳೆಯದೇ ಆಯಿತು.

ನವರಾತ್ರಿಗೆ ಹೋಗಿ ಇಳಿಸಿ ನೋಡಿದಾಗ ತೆಂಗಿನೆಣ್ಣೆಯದೂ ಬರೀ ಜೇನುಮೇಣದ್ದೂ ಗುರುತು ಸಿಗದಷ್ಟು ಕಪ್ಪಾಗಿದ್ದವು. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್ಸಿಗೆ. ಕುದಿಯುವ ಹಂಡೆಯಿಂದ ಆಗಷ್ಟೇ ತೋಡಿದ ನೀರು ಅದಕ್ಕಿಂತ ಬಿಸಿಯಾಗಿರುತ್ತದೆ. ಮೇಣ ಕೈಗೆ ಸುಖ ಕೊಡುವ ಕೊನೆಯ ಉಜ್ಜಿಗೆ ಮಾತ್ರ ಸರಿ, ಒಂಟಿಯಾಗಿ ಅದು ರಕ್ಷಣೆಯೇ ಅಲ್ಲ ಎಂದು ಅಂದಿನಿಂದ ನಾನು ಬಗೆಹರಿಸಿಕೊಂಡಿದ್ದೇನೆ. ಪೇಂಟ್ ಅಂಗಡಿಯಲ್ಲಿ ಸಿಗುವ ಡಬಲ್ ಬಾಯಿಲ್ಡ್ ಅಗಸೆ ಎಣ್ಣೆಯನ್ನು ನಾಲ್ಕು ಸಲ ಹಚ್ಚಿದ್ದ ಬುಗುರಿ ಬಣ್ಣದಲ್ಲಿ ಗಾಢವಾಗಿ, ಹೊಳಪು ಕಳೆದುಕೊಂಡು, ಅಲ್ಲಲ್ಲಿ ಬೂಸಿನ ಚುಕ್ಕೆಗಳೊಂದಿಗೆ ಬಂದಿತು. ಒದ್ದೆ ಬಟ್ಟೆಯಿಂದ ಒರೆಸಿದಾಗ ಚುಕ್ಕೆಗಳು ಹೋದವು, ಮರ ಒಡೆದಿರಲಿಲ್ಲ, ಲೇಪವೂ ಸಿಪ್ಪೆ ಏಳಲಿಲ್ಲ, ಏಕೆಂದರೆ ಏಳಲು ಅಲ್ಲಿ ಸಿಪ್ಪೆಯೇ ಇರಲಿಲ್ಲ. ಎಣ್ಣೆ ಮರದೊಳಗೇ ಇಳಿದು ಗಟ್ಟಿಯಾಗಿತ್ತು.

ಸ್ಪಿರಿಟ್ಟಿನಲ್ಲಿ ಅರಗನ್ನು ಕರಗಿಸಿ ಬಟ್ಟೆಯುಂಡೆಯಿಂದ ಹಚ್ಚಿದ ಬುಗುರಿಯ ಮೇಲೆ ಹಾಲು ಚೆಲ್ಲಿದಂಥ ಬಿಳಿ ಮಸುಕು ಕವಿದಿತ್ತು. ಅಟ್ಟದ ಮೇಲೆ ಒಂದು ವಾರ ಇಟ್ಟ ಮೇಲೆ ಅರ್ಧದಷ್ಟು ಮಾಯವಾಯಿತು. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನೇ ನೇರವಾಗಿ ಒತ್ತಿ ಕರಗಿಸಿದ್ದ ಬುಗುರಿ, ಬಿಸಿನೀರು ನೇರ ಬಿದ್ದ ಭುಜದ ಕಡೆ ಮಂಕಾಗಿದ್ದರೂ, ಉಳಿದೆಡೆ ಹಚ್ಚಿದ ದಿನದಂತೆಯೇ ಇತ್ತು. ಅಂಗಡಿಯ ರಾಸಾಯನಿಕ ಲೇಪಗಳಾದ ಮೆಲಮೈನ್ ಮತ್ತು ಪಾಲಿಯುರಿಥೇನ್ ಹಚ್ಚಿದವು ಎರಡೂ ಹೊಟ್ಟೆಯ ಭಾಗದಲ್ಲಿ ಕಲೆಯಿಲ್ಲದೆ ಮಿನುಗುತ್ತಿದ್ದವು. ಆದರೆ ಪಾಲಿಯುರಿಥೇನಿನ ಬುಗುರಿಯಲ್ಲಿ ದಾರದ ತೂತಿನ ಸುತ್ತ ಲೇಪ ಈರುಳ್ಳಿಯ ತೆಳು ಸಿಪ್ಪೆಯಂತೆ ಎದ್ದು ನಿಂತಿತ್ತು, ಉಗುರಿನಿಂದ ಎಳೆದರೆ ಬೆರಳುದ್ದದ ಪಟ್ಟಿಯೇ ಕಿತ್ತು ಬಂತು, ಅದರಡಿಯ ಮರ ಬೂದಾಗಿ ಮೆತ್ತಗಿತ್ತು. ಮೆಲಮೈನಿನದು ಮೊಳೆ ಹೊಡೆದ ತುದಿಯಲ್ಲಿ ಬಿರುಕು ಬಿಟ್ಟಿತ್ತು. ಸೂಪರ್ ಗ್ಲೂವಿನಿಂದ ಎಂಟು ಪದರ ಕಟ್ಟಿ ಗಾಜಿನಂತೆ ಉಜ್ಜಿದ್ದ ಎಂಟನೆಯ ಬುಗುರಿಯ ಮೇಲೆ, ಮರದ ನಾರಿನ ಗುಂಟ ಕೂದಲೆಳೆಯಷ್ಟು ಸೀಳು ಬಿದ್ದು, ಆ ಸೀಳಿನಡಿ ಒಂದು ಕಪ್ಪು ಗೆರೆ ಇಳಿದಿತ್ತು.

ಈ ಕೊನೆಯ ಮೂರರ ಸೋಲು ನನಗೆ ಉಳಿದೆಲ್ಲಕ್ಕಿಂತ ಹೆಚ್ಚು ಕಲಿಸಿತು. ನೀರು ಒಳಗೆ ಹೋದದ್ದು ಲೇಪದ ಮೂಲಕವಲ್ಲ, ನಾನು ಲೇಪ ಮುಟ್ಟಿಸದೆ ಬಿಟ್ಟ ತೂತಿನ ಗೋಡೆಯಿಂದ ಮತ್ತು ಮೊಳೆಯ ಸಂದಿನಿಂದ. ಮರವನ್ನು ಅಡ್ಡ ಕೊಯ್ದಾಗ ಕಾಣುವ ಮುಖದಲ್ಲಿ ನೀರು ಸಾಗಿಸುವ ಕೊಳವೆಗಳು ಬಾಯ್ದೆರೆದಿರುತ್ತವೆ, ಅಲ್ಲಿ ಹೀರಿಕೆ ಪಕ್ಕದ ಮುಖಕ್ಕಿಂತ ಹಲವು ಪಟ್ಟು ಹೆಚ್ಚು. ಹಲಗೆಯ ಕೆಲಸದಲ್ಲಿ ಅಂಥ ಮುಖ ಎರಡು ತುದಿಗಳಲ್ಲಿ ಮಾತ್ರ ಇದ್ದರೆ, ಕಡೆದ ಸಾಮಾನಿನಲ್ಲಿ ಪ್ರತಿ ಕೊರಳು, ಪ್ರತಿ ಭುಜ, ಪ್ರತಿ ತಗ್ಗಿನಲ್ಲಿ ಅದು ಸ್ವಲ್ಪ ಸ್ವಲ್ಪ ಬಯಲಾಗುತ್ತದೆ. ಲೇತಿನಿಂದ ಬೇರ್ಪಡಿಸಿದ ಮೇಲೆ ಬುಡದಲ್ಲಿ ಉಳಿಯುವ ಸಣ್ಣ ಮೊಟಕನ್ನು ಚಾಕುವಿನಿಂದ ಕೆತ್ತಿ, ಅಲ್ಲಿಗೆ ಏನೂ ಹಚ್ಚದೆ ಅಂಗಡಿಗೆ ಕಳಿಸುವ ಅಭ್ಯಾಸ ನನಗೂ ಇತ್ತು. ಈಗ ಮೊದಲು ಬುಡ, ಒಳಗು ಮತ್ತು ತೂತುಗಳಿಗೆ ತೆಳು ಅರಗಿನ ನೀರು ಕುಡಿಸಿದ ಮೇಲೆಯೇ ಹೊರಮೈಗೆ ಬರುತ್ತೇನೆ. 100 ಮಿಲಿಲೀಟರ್ ಸ್ಪಿರಿಟ್ಟಿಗೆ 10ರಿಂದ 12 ಗ್ರಾಂ ಚಪಡ (ಶುದ್ಧ ಮಾಡಿದ ಅರಗಿನ ತೆಳು ಹಳಕು) ಹಾಕಿದರೆ ಈ ಕುಡಿಸುವ ಕೆಲಸಕ್ಕೆ ಸಾಕು, ಹೊರಗಿನ ಹೊಳಪಿಗೆ ಅದರ ಎರಡು ಪಟ್ಟು ಬೇಕಾಗುತ್ತದೆ. ಒಳಗನ್ನು ಬಿಟ್ಟು ಹೊರಗನ್ನು ಮಾತ್ರ ಮುಚ್ಚಿದ ಭರಣಿ ಒಂದು ಕಡೆಯಿಂದಲೇ ಉಸಿರಾಡುತ್ತ ಇನ್ನಷ್ಟು ವಕ್ರವಾಗುತ್ತದೆ.

ಅರಗಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ನನ್ನ ಒಲವು ಈಗ ಅದರ ಕಡೆಗಿದೆ. ಚನ್ನಪಟ್ಟಣದವರು ಬಿಳಿಯ ಆಲೆ ಮರದ ಗೊಂಬೆಗಳಿಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವಾಗಲೇ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರದ ಮೇಲೆ ಹರಡುತ್ತದೆ, ಆಮೇಲೆ ಅವರು ತಾಳೆಗರಿ ಎಂದು ಕರೆಯುವ ಗರಿಯನ್ನು ಒತ್ತಿ ಅದನ್ನು ಸಮನಾಗಿಸಿ ಮೆರುಗು ತರಿಸುತ್ತಾರೆ. ಆ ಗರಿ ಕೇದಗೆಯ ಜಾತಿಯದು. ಕೇದಗೆಗೆ ನಮ್ಮ ಕರಾವಳಿಯಲ್ಲಿ ಬರವಿಲ್ಲ, ಹಳ್ಳದ ಬದಿಯಲ್ಲಿ ಬೇಲಿಯಂತೆ ಬೆಳೆದಿರುತ್ತದೆ. ಎರಡೂ ಅಂಚಿನ ಮತ್ತು ನಡುನರದ ಮುಳ್ಳನ್ನು ಕತ್ತಿಯಿಂದ ಸವರಿ, ಎರಡು ದಿನ ನೆರಳಿನಲ್ಲಿ ಬಾಡಿಸಿ, ಗೇಣುದ್ದದ ತುಂಡು ಮಾಡಿಟ್ಟುಕೊಂಡರೆ ಒಂದು ಗರಿಯಲ್ಲಿ ಹತ್ತಾರು ಬುಗುರಿಗಳ ಕೆಲಸ ಮುಗಿಯುತ್ತದೆ. ಗರಿಯನ್ನು ಒತ್ತುವ ಹದ ಕೈಗೆ ಬರಲು ಮಾತ್ರ ಸಮಯ ಬೇಕು. ಹಗುರವಾಗಿ ಹಿಡಿದರೆ ಅರಗು ಉಂಗುರ ಉಂಗುರವಾಗಿ ನಿಲ್ಲುತ್ತದೆ, ಜೋರಾಗಿ ಒತ್ತಿದರೆ ಬಿಸಿ ಹೆಚ್ಚಿ ಅರಗು ಗರಿಯ ಜೊತೆಗೇ ಎದ್ದು ಬಂದು ಬರಿ ಮರ ಕಾಣುತ್ತದೆ. ಸರಿಯಾದ ಹದದಲ್ಲಿ ಗರಿಯ ಕೆಳಗಿನಿಂದ ಬೆಲ್ಲ ಕಾಯಿಸುವಾಗಿನಂಥ ಒಂದು ಘಮ ಬರುತ್ತದೆ, ಗರಿ ಕೀಚಲು ಸದ್ದು ನಿಲ್ಲಿಸಿ ಜಾರತೊಡಗುತ್ತದೆ, ಆ ಕ್ಷಣಕ್ಕೆ ಕೈ ತೆಗೆಯಬೇಕು.

ಸ್ಪಿರಿಟ್ಟಿನ ಅರಗು ಮಸುಕಾದಾಗಲೂ ಕಡ್ಡಿಯ ಅರಗು ತಾಳಿದ್ದಕ್ಕೆ ನಾನು ಕಂಡುಕೊಂಡ ಕಾರಣ ಇಷ್ಟು: ಕಡ್ಡಿಯದು ದಪ್ಪ ಪದರ, ಅದರಲ್ಲಿ ಆರಬೇಕಾದ ದ್ರವ ಯಾವುದೂ ಇಲ್ಲ. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ತಣ್ಣಗಾದ ಮೇಲ್ಮೈಗೆ ಗಾಳಿಯ ತೇವ ಇಬ್ಬನಿಯಂತೆ ಕೂತು ಪದರದೊಳಗೆ ಸಿಕ್ಕಿಬೀಳುತ್ತದೆ. ಎನ್‌ಸಿ ಲ್ಯಾಕರ್ (ಥಿನ್ನರಿನಲ್ಲಿ ಕರಗಿಸಿದ ನೈಟ್ರೊಸೆಲ್ಯುಲೋಸ್ ಲೇಪ) ಹೊಡೆಯುವ ಪಾಲಿಶಿನವರು ಮಳೆಗಾಲದಲ್ಲಿ ಕೆಲಸ ಒಪ್ಪಲು ಹಿಂಜರಿಯುವುದೂ ಇದೇ ಕಾರಣಕ್ಕೆ. ಇನ್ನೊಂದು ಮಾತು, ಕರಗಿಸಿಟ್ಟ ಅರಗಿಗೆ ಆಯುಷ್ಯ ಕಡಿಮೆ, ಆರು ತಿಂಗಳು ದಾಟಿದ್ದನ್ನು ನಾನು ನಂಬುವುದಿಲ್ಲ. ಒಂದು ಅಂಗಡಿಯವರು ಯಾವ ಕಾಲದ್ದೋ ತಿಳಿಯದ ಒಂದು ಬಾಟಲಿಯನ್ನು ನನ್ನ ಕೈಗೆ ದಾಟಿಸಿದ್ದರು, ಹಚ್ಚಿದ ಇಪ್ಪತ್ತು ಬೀಗದಕೈ ಗೊಂಚಲಿನ ಗುಂಡುಗಳು ಎರಡು ವಾರವಾದರೂ ಹೆಬ್ಬೆರಳಿನ ಗುರುತು ಹಿಡಿಯುತ್ತಲೇ ಇದ್ದವು. ಎಲ್ಲವನ್ನೂ ಸ್ಪಿರಿಟ್ಟಿನಿಂದ ತೊಳೆದು ಮೊದಲಿನಿಂದ ಶುರುಮಾಡಬೇಕಾಯಿತು. ಈಗ ಚಪಡದ ಹಳಕನ್ನೇ ತಂದು, ಬೇಕಾದಷ್ಟನ್ನು ಹಿಂದಿನ ರಾತ್ರಿ ನೆನೆಹಾಕುತ್ತೇನೆ.

ಅರಗಿಗೆ ಆಗದವೂ ಇವೆ. ಕವಳದ (ಎಲೆ-ಅಡಿಕೆಯ) ಸುಣ್ಣಕ್ಕೆಂದು ಒಬ್ಬರಿಗೆ ಕಡೆದುಕೊಟ್ಟ ಡಬ್ಬಿಯ ಒಳಗೂ ನಾನು ಜಾಣನಂತೆ ಅರಗು ಹಚ್ಚಿದ್ದೆ. ತಿಂಗಳೊಳಗೆ ಅವರು ಮನೆಗೇ ಬಂದು ಡಬ್ಬಿ ತೆರೆದು ತೋರಿಸಿದರು, ಬಿಳಿಯ ಸುಣ್ಣ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಅರಗು ಕ್ಷಾರದಲ್ಲಿ ಕರಗುತ್ತದೆ, ಹಸಿ ಸುಣ್ಣ ಕ್ಷಾರವೇ. ಸೋಪಿನ ನೀರು, ವಾಷಿಂಗ್ ಸೋಡಾ ಕೂಡ ಅದನ್ನು ನಿಧಾನವಾಗಿ ತಿನ್ನುತ್ತವೆ. ಅಗಸೆ ಎಣ್ಣೆಯ ಪದರವೂ ಸುಣ್ಣದ ಮುಂದೆ ನಿಲ್ಲುವುದಿಲ್ಲ. ಅಂಥ ಡಬ್ಬಿಯೊಳಗೆ ಸಣ್ಣ ಸ್ಟೀಲ್ ಬಟ್ಟಲನ್ನು ಕೂರಿಸುವುದೇ ಪರಿಹಾರ, ಈಗ ಹಾಗೆಯೇ ಮಾಡುತ್ತೇನೆ. ಬಾಟಲಿಯ ಬಿರಡೆ, ಔಷಧಿಯ ಡಬ್ಬಿಗಳಂಥವಕ್ಕೂ ಒಳಗೆ ಏನು ಇರುತ್ತದೆಂದು ಕೇಳದೆ ಅರಗು ಹಚ್ಚಬಾರದು, ಸ್ಪಿರಿಟ್ ಅಂಶವಿರುವ ಯಾವುದೂ ಅದನ್ನು ಕರಗಿಸುತ್ತದೆ.

ಮಕ್ಕಳ ಬಾಯಿಗೆ ಹೋಗುವ ಗಿಲಕಿಗೆ, ಬುಗುರಿಗೆ ಅರಗಿನಷ್ಟು ನಿಶ್ಚಿಂತೆಯ ವಸ್ತು ಇನ್ನೊಂದಿಲ್ಲ, ಮಾತ್ರೆಗಳ ಮೇಲೆ, ಮಿಠಾಯಿಗಳ ಮೇಲೆ ಹೊಳಪಿಗೆ ಹಚ್ಚುವುದು ಶುದ್ಧ ಮಾಡಿದ ಅದನ್ನೇ. ಅಡುಗೆಮನೆಯ ಸಾಮಾನಿನ ಮಾತು ಬೇರೆ. ಕಡಗೋಲು, ಲಟ್ಟಣಿಗೆ, ಮಜ್ಜಿಗೆಯ ಸೌಟುಗಳಿಗೆ ನಾನು ಏನನ್ನೂ ಹಚ್ಚುವುದಿಲ್ಲ. ದಿನವೂ ತೊಳೆದು ದಿನವೂ ಒಣಗುವ ಸಾಮಾನಿಗೆ ಯಾವ ಪದರ ಹಾಕಿದರೂ ಅದು ಒಂದು ದಿನ ಮಜ್ಜಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ನುಣುಪಾಗಿ ಉಜ್ಜಿ, ಒಮ್ಮೆ ನೀರು ಚಿಮುಕಿಸಿ ಎದ್ದ ನಾರನ್ನು ಮತ್ತೆ ಉಜ್ಜಿ ಕೊಡುತ್ತೇನೆ, ಬೆಣ್ಣೆಯೇ ಅದರ ಪಾಲಿಶ್. ಪೇಂಟ್ ಅಂಗಡಿಯ ಡಬಲ್ ಬಾಯಿಲ್ಡ್ ಎಣ್ಣೆಯಲ್ಲಿ ಬೇಗ ಒಣಗಲೆಂದು ಕೋಬಾಲ್ಟ್, ಮ್ಯಾಂಗನೀಸ್‌ಗಳಂಥ ಲೋಹದ ಲವಣಗಳನ್ನು ಸೇರಿಸಿರುವುದರಿಂದ ಅದನ್ನು ಉಳಿಯ ಹಿಡಿ, ಕಪಾಟಿನ ಗುಬುಟುಗಳಿಗೆ ಮಾತ್ರ ಇಟ್ಟುಕೊಂಡಿದ್ದೇನೆ. ಆ ಕೆಲಸಕ್ಕೆ ಅದು ಬಹಳ ಒಳ್ಳೆಯದು. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಒಣಗುವಾಗ ಹುಟ್ಟುವ ಬಿಸಿ ಮುದ್ದೆಯೊಳಗೆ ಸೇರಿ ತಾನಾಗಿ ಬೆಂಕಿ ಹತ್ತಬಹುದು. ಅಡಿಕೆ ಸಿಪ್ಪೆ, ಕೆತ್ತಿದ ಚಕ್ಕೆ ತುಂಬಿದ ಚಪ್ಪರದಲ್ಲಿ ಅದು ಸಣ್ಣ ಮಾತಲ್ಲ, ನಾನು ಬಟ್ಟೆಯನ್ನು ಬಿಡಿಸಿ ಬಾವಿಕಟ್ಟೆಯ ಮೇಲೆ ಹರಡುತ್ತೇನೆ.

ಸೂಪರ್ ಗ್ಲೂವನ್ನು ನಾನು ಪೂರ್ತಿ ಬಿಟ್ಟಿಲ್ಲ. ಪೆನ್ನುಗಳಿಗೆ ಅದೇ ಸರಿ, ಏಕೆಂದರೆ ಪೆನ್ನಿನ ಮರ ಹಿತ್ತಾಳೆಯ ಕೊಳವೆಗೆ ಅಂಟಿದ ತೆಳು ಪದರ, ಹಿಗ್ಗಲು ಅದರಲ್ಲಿ ಮರವೇ ಕಡಿಮೆ, ಬೆವರುವ ಬೆರಳುಗಳ ನಡುವೆ ದಿನವಿಡೀ ಇರುವ ವಸ್ತುವಿಗೆ ಬೇರೆ ಯಾವುದೂ ಅಷ್ಟು ತಾಳುವುದಿಲ್ಲ. ಆದರೆ ಆ ಅಂಟು ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಡಿಸೆಂಬರಿನಲ್ಲಿ ನೆಮ್ಮದಿಯಿಂದ ಹರಡುವ ಅದೇ ಹನಿ ಜುಲೈನಲ್ಲಿ ಹರಡುವ ಮುಂಚೆಯೇ ಹಿಡಿದು ಬಿಳಿಯ ಮಚ್ಚೆಯಾಗುತ್ತದೆ. ಹತ್ತಿಬಟ್ಟೆಯಿಂದ ಹಚ್ಚಲು ಹೋಗಿ ಒಮ್ಮೆ ಬಟ್ಟೆ ಹೊಗೆಯಾಡಿ ಬೆರಳು ಸುಟ್ಟುಕೊಂಡಿದ್ದೇನೆ, ಹತ್ತಿಯ ಜೊತೆ ಅದು ಅಷ್ಟು ಬಿಸಿಯಾಗುತ್ತದೆ. ಮಡಿಚಿದ ಟಿಶ್ಯೂ ಕಾಗದವೇ ಕ್ಷೇಮ, ಕಣ್ಣಿಗೆ ಕನ್ನಡಕವೂ ಬೇಕು.

ಮರದ ಜಾತಿಯನ್ನು ನೋಡದೆ ಪಾಲಿಶ್ ಆರಿಸುವುದೂ ವ್ಯರ್ಥ. ದಾಂಡೇಲಿ ಕಡೆಯ ಸಾಗವಾನಿ ತುಂಡುಗಳಲ್ಲಿ, ಹಳೆಯ ಮನೆಗಳನ್ನು ಕೆಡವಿದಾಗ ಸಿಗುವ ಬೀಟೆಯಲ್ಲಿ ಮರದ್ದೇ ಎಣ್ಣೆ, ಅಂಟುಗಳಿರುತ್ತವೆ. ಬೀಟೆಯ ಮೇಲೆ ಅಗಸೆ ಎಣ್ಣೆ ಹಚ್ಚಿದರೆ ವಾರಗಟ್ಟಲೆ ಒಣಗುವುದಿಲ್ಲ, ಅದರೊಳಗಿನ ಪದಾರ್ಥಗಳು ಎಣ್ಣೆ ಆಮ್ಲಜನಕ ಹೀರುವುದನ್ನೇ ತಡೆಯುತ್ತವೆ. ಅಂಥ ಮರಕ್ಕೆ ಮೊದಲು ಥಿನ್ನರಿನಿಂದ ಒರೆಸಿ ಕೂಡಲೇ ಅರಗು ಹಚ್ಚಿದರೆ ತಂಟೆಯಿಲ್ಲ, ಅರಗಿಗೆ ಆಮ್ಲಜನಕದ ಹಂಗಿಲ್ಲ. ಹಲಸು, ಶಿವಣೆ, ಮಾವುಗಳಲ್ಲಿ ಈ ಕಾಟ ಕಾಣಲಿಲ್ಲ. ಮಾವಿಗೆ ಮರ ಕೊರೆಯುವ ಕುಟ್ಟೆ ಹುಳ ಹಿಡಿಯುವುದು ಬೇಗ, ಅದಕ್ಕೆ ಪಾಲಿಶ್ ಉತ್ತರವಲ್ಲ, ಸರಿಯಾಗಿ ಒಣಗಿಸಿದ ತಿರುಳಿನ ಮರ ಆರಿಸುವುದೇ ಉತ್ತರ. ಬಣ್ಣ ಬೇಕಾದಾಗ ಅಡಿಕೆ ಬೇಯಿಸಿದ ಚೊಗರನ್ನು ಬಳಸುತ್ತೇನೆ, ಶಿವಣೆಯ ಬಿಳಿಯ ಮೇಲೆ ಅದು ಕೆಂಪು ಮಣ್ಣಿನ ಬಣ್ಣ ಕೊಡುತ್ತದೆ. ತುಕ್ಕು ಹಿಡಿದ ಮೊಳೆ ನೆನೆಸಿದ ವಿನೆಗರ್ ಸೋಕಿದರೆ ಅದೇ ಚೊಗರು ಕಪ್ಪಾಗುತ್ತದೆ. ನೀರಿನಲ್ಲಿ ಕರಗುವ ಬಣ್ಣವಾದ್ದರಿಂದ ಮೇಲೆ ಅರಗಿನ ಮುಚ್ಚಿಗೆ ಬೇಕೇ ಬೇಕು.

ಕರಾವಳಿಯಲ್ಲಿದ್ದು ಗೇರು ಎಣ್ಣೆಯ ಹೆಸರೆತ್ತದಿದ್ದರೆ ತಪ್ಪಾಗುತ್ತದೆ. ಮರದ ದೋಣಿಗಳಿಗೆ ಬಳಿಯುತ್ತಿದ್ದ, ಗೇರುಬೀಜದ ಸಿಪ್ಪೆಯಿಂದ ತೆಗೆದ ಆ ಕಪ್ಪು ಎಣ್ಣೆ ಉಪ್ಪುನೀರನ್ನೂ ಹುಳವನ್ನೂ ತಡೆಯುತ್ತದೆಂದ ಮೇಲೆ ನನ್ನ ಕೊಡತಿಯ ಹಿಡಿಯನ್ನು ತಡೆಯದೇ ಎಂದು ಹಚ್ಚಿ, ಒಣಗಿತೆಂದು ಭಾವಿಸಿ ಒಂದು ಮಧ್ಯಾಹ್ನ ಕೆಲಸ ಮಾಡಿದೆ. ಮೂರನೆಯ ದಿನ ಅಂಗೈ ತುಂಬ ನೀರುಗುಳ್ಳೆಗಳೆದ್ದವು, ಎರಡು ವಾರ ಊಟಕ್ಕೆ ಚಮಚ ಹಿಡಿಯಬೇಕಾಯಿತು. ದೋಣಿಯನ್ನು ಯಾರೂ ಅಂಗೈಯಲ್ಲಿ ಹಿಡಿದುಕೊಂಡು ಕೂರುವುದಿಲ್ಲ.

ಹೀಗಾಗಿ ಈಗ ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ನಾನು ಒರಟು ಕಡೆತವನ್ನಷ್ಟೇ ಮಾಡಿ, ತುದಿಗಳಿಗೆ ಮೇಣ ಬಳಿದು ಅಟ್ಟಕ್ಕೆ ಹಾಕುತ್ತೇನೆ. ಅಳತೆಯ ಕಡೆತ ಮತ್ತು ಪಾಲಿಶ್ ದೀಪಾವಳಿ ಕಳೆದ ಮೇಲೆ. ಆಯಿಯ ಹೊಸ ಭರಣಿಯನ್ನೂ ಹಾಗೆಯೇ ಮಾಡಿದೆ, ಶಿವಣೆಯದು, ಒಳಗೆ ತೆಳು ಅರಗಿನ ನೀರು, ಹೊರಗೆ ಕಡ್ಡಿಯ ಅರಗು, ಮುಚ್ಚಳ ಒಂದು ಕಾಗದದಷ್ಟು ಸಡಿಲ. ಮೂರು ಮಳೆಗಾಲ ಅದು ಬೂಸಿಲ್ಲದೆ, ಅಂಟಿಲ್ಲದೆ ದಾಟಿತು. ಈ ಸಲದ ಮಳೆ ಹೆಚ್ಚಿದಾಗ ಮುಚ್ಚಳ ಬಿಗಿಯಾಯಿತೆಂದು ಆಯಿ ಅದನ್ನು ಬಚ್ಚಲೊಲೆಯ ಕಟ್ಟೆಯ ಮೇಲೆ ಬಿಸಿಗೆ ಇಟ್ಟು, ಆಮೇಲೆ ಹಿಡಿದು ತಿರುಗಿಸಿದ್ದಾಳೆ. ಮುಚ್ಚಳ ಬಂತು, ಮೆತ್ತಗಾಗಿದ್ದ ಅರಗಿನ ಮೇಲೆ ಅವಳ ಹೆಬ್ಬೆರಳಿನ ಗೆರೆಗಳು ಅಚ್ಚೊತ್ತಿದಂತೆ ಉಳಿದವು. ಭರಣಿಯ ಬಾಯಿಗೆ ಹೊಂದುವ ಮರದ ಗುಬುಟನ್ನು ಎಸೆಯದೆ ಇಟ್ಟುಕೊಂಡಿದ್ದೆ. ಅದನ್ನು ಲೇತಿಗೆ ಸಿಕ್ಕಿಸಿ, ಭರಣಿಯನ್ನು ಅದರ ಮೇಲೆ ಕೂರಿಸಿ, ಒಂದು ತುಂಡು ಕೇದಗೆ ಗರಿ ಒತ್ತಿ ಹಿಡಿದೆ. ಎರಡು ನಿಮಿಷದಲ್ಲಿ ಹೆಬ್ಬೆರಳಿನ ಗುರುತು ಕರಗಿ ಹೋಯಿತು, ಮುಚ್ಚಳದ ಅಂಚನ್ನು ಇನ್ನೊಂದು ಕೂದಲೆಳೆಯಷ್ಟು ಕೆರೆದು ಸಂಜೆಯ ಬಸ್ಸಿಗೆ ಶಿರಸಿಗೆ ಕಳಿಸಿದೆ.